ಕರ್ನಾಟಕದಲ್ಲಿ ಭೌತಿಕ ಧ್ವನಿಮಾಧ್ಯಮಗಳ ಅವನತಿ

ಕರ್ನಾಟಕದಲ್ಲಿ ಭೌತಿಕ ಧ್ವನಿಮಾಧ್ಯಮಗಳ ಅವನತಿ ಎಂಬುದು ಗ್ರಾಮಾಫೋನ್ ತಟ್ಟೆ, ಧ್ವನಿಸುರುಳಿ, ಸಿ.ಡಿ. ಮೊದಲಾದ ಕೈಯಲ್ಲಿ ಹಿಡಿಯಬಹುದಾದ ಧ್ವನಿಮುದ್ರಿಕೆಗಳ ತಯಾರಿಕೆ, ಮಾರಾಟ ಮತ್ತು ಬಳಕೆ ಕ್ರಮೇಣ ನಿಂತು, ಅವುಗಳ ಸ್ಥಾನವನ್ನು ಡಿಜಿಟಲ್ ಕಡತಗಳೂ ಅಂತರಜಾಲದ ಪ್ರಸರಣ ಸೇವೆಗಳೂ ಆಕ್ರಮಿಸಿಕೊಂಡ ಪ್ರಕ್ರಿಯೆಯಾಗಿದೆ. ಸುಮಾರು 2000ನೆಯ ಇಸವಿಯ ನಂತರ ಆರಂಭವಾದ ಈ ಬದಲಾವಣೆ 2010ರ ದಶಕದಲ್ಲಿ ಬಹುಮಟ್ಟಿಗೆ ಪೂರ್ಣಗೊಂಡಿತು. ಚಲನಚಿತ್ರ ಗೀತೆ, ಭಾವಗೀತೆ, ದಾಸರ ಪದ, ವಚನ ಗಾಯನ, ಯಕ್ಷಗಾನ, ತಾಳಮದ್ದಲೆ, ವೃತ್ತಿರಂಗಭೂಮಿಯ ನಾಟಕ ಮತ್ತು ಜನಪದ ಗೀತೆಗಳು ಕನ್ನಡದಲ್ಲಿ ಧ್ವನಿಮುದ್ರಿಕೆಯ ಪ್ರಮುಖ ಪ್ರಕಾರಗಳಾಗಿದ್ದವು. ಇವುಗಳಲ್ಲಿ ಚಲನಚಿತ್ರ ಗೀತೆಗಳು ಹೊಸ ಮಾಧ್ಯಮಕ್ಕೆ ಬೇಗನೆ ವರ್ಗಾವಣೆಗೊಂಡವು. ಸಣ್ಣ ಸಂಸ್ಥೆಗಳು ಕಡಿಮೆ ಸಂಖ್ಯೆಯಲ್ಲಿ ಹೊರತಂದ ಪ್ರಾದೇಶಿಕ ಧ್ವನಿಸುರುಳಿಗಳಿಗೆ ಅಂತಹ ವರ್ಗಾವಣೆಯ ವ್ಯವಸ್ಥೆ ಇರಲಿಲ್ಲ. ಆದ್ದರಿಂದ ಈ ಅವನತಿಯನ್ನು ವ್ಯಾಪಾರದ ಬದಲಾವಣೆಯಾಗಿ ಮಾತ್ರವಲ್ಲದೆ ಸಾಂಸ್ಕೃತಿಕ ದಾಖಲೆಗಳ ಸಂರಕ್ಷಣೆಯ ಪ್ರಶ್ನೆಯಾಗಿಯೂ ಪರಿಗಣಿಸಲಾಗುತ್ತದೆ.

ಪದಬಳಕೆ

ಕನ್ನಡದಲ್ಲಿ ಕ್ಯಾಸೆಟ್‌ಗೆ "ಧ್ವನಿಸುರುಳಿ" ಎಂಬ ಪದವೂ ಸಿ.ಡಿ.ಗೆ "ಧ್ವನಿಸಾಂದ್ರಿಕೆ", "ಅಡಕಮುದ್ರಿಕೆ" ಎಂಬ ಪದಗಳೂ ಬಳಕೆಗೆ ಬಂದವು. ಗ್ರಾಮಾಫೋನ್ ರೆಕಾರ್ಡನ್ನು ಆಡುಮಾತಿನಲ್ಲಿ "ಪ್ಲೇಟು" ಅಥವಾ "ತಟ್ಟೆ" ಎಂದು ಕರೆಯಲಾಗುತ್ತಿತ್ತು. ಚಲನಚಿತ್ರದ ಹಾಡುಗಳನ್ನು ಮೊದಲ ಬಾರಿಗೆ ಸಾರ್ವಜನಿಕರ ಮುಂದಿಡುವ ಕಾರ್ಯಕ್ರಮಕ್ಕೆ "ಧ್ವನಿಸುರುಳಿ ಬಿಡುಗಡೆ ಸಮಾರಂಭ" ಎಂಬ ಹೆಸರು ರೂಢಿಯಲ್ಲಿದ್ದು, ಸುರುಳಿಯೇ ಇಲ್ಲವಾದ ನಂತರವೂ ಪತ್ರಿಕೆಗಳಲ್ಲಿ ಮತ್ತು ಆಹ್ವಾನ ಪತ್ರಿಕೆಗಳಲ್ಲಿ ಈ ಪ್ರಯೋಗ ಕೆಲಕಾಲ ಮುಂದುವರಿಯಿತು.

ಇತಿಹಾಸ

ಗ್ರಾಮಾಫೋನ್ ತಟ್ಟೆಗಳ ಕಾಲ

ಭಾರತದಲ್ಲಿ ವಾಣಿಜ್ಯ ಉದ್ದೇಶದ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಯಿಂದ ಆರಂಭವಾಯಿತು. ಅಂದು ಹಾಡಿದ ಪ್ರಮುಖ ಕಲಾವಿದರಲ್ಲಿ ಗೌಹರ್ ಜಾನ್ ಒಬ್ಬರು. ಅವರು ತಮ್ಮ ಕೊನೆಯ ದಿನಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಕಳೆದು, 1930ರ ಜನವರಿಯಲ್ಲಿ ಅಲ್ಲಿಯೇ ನಿಧನರಾದರು. ಆರಂಭದಲ್ಲಿ ಮುದ್ರಣವನ್ನು ಭಾರತದಲ್ಲಿ ಮಾಡಿ, ತಟ್ಟೆಗಳನ್ನು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚು ಹಾಕಿ ತರಿಸಲಾಗುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಸ್ಥಾಪನೆಯಾದ ಮೇಲೆ ತಯಾರಿಕೆ ಇಲ್ಲಿಯೇ ನಡೆಯತೊಡಗಿತು.

ಅರಗಿನಿಂದ ತಯಾರಾಗುತ್ತಿದ್ದ ಈ ತಟ್ಟೆಗಳು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದವು ಮತ್ತು ಒಂದು ಬದಿಯಲ್ಲಿ ಸುಮಾರು ಮೂರರಿಂದ ಮೂರೂವರೆ ನಿಮಿಷಗಳ ಧ್ವನಿಯನ್ನಷ್ಟೇ ಹಿಡಿದಿಡುತ್ತಿದ್ದವು. ಗಂಟೆಗಟ್ಟಲೆ ವಿಸ್ತಾರವಾಗುವ ರಾಗವನ್ನು ಗಾಯಕರು ಈ ಮಿತಿಯೊಳಗೆ ಅಡಕಗೊಳಿಸಬೇಕಾಗಿತ್ತು. ಮಲ್ಲಿಕಾರ್ಜುನ ಮನ್ಸೂರ ಮತ್ತು ಗಂಗೂಬಾಯಿ ಹಾನಗಲ್ಲ ಅವರ ಆರಂಭಿಕ ಧ್ವನಿಮುದ್ರಿಕೆಗಳು 1930ರ ದಶಕದಲ್ಲಿ ಎಚ್.ಎಂ.ವಿ. ಲಾಂಛನದಡಿ ಹೊರಬಂದವು. ಬೆಂಗಳೂರು ನಾಗರತ್ನಮ್ಮ ಮೊದಲಾದವರ ಕರ್ನಾಟಕ ಸಂಗೀತದ ಮುದ್ರಿಕೆಗಳೂ ತಟ್ಟೆಗಳ ರೂಪದಲ್ಲಿಯೇ ಪ್ರಚಾರ ಪಡೆದವು. ಪಿ. ಕಾಳಿಂಗರಾಯರು ಹಾಡಿದ ಕನ್ನಡ ಕವಿತೆಗಳು ಸಭೆಗಳ ಜೊತೆಗೆ ತಟ್ಟೆಗಳ ಮೂಲಕವೂ ಮನೆಮಾತಾದವು.

ಗ್ರಾಮಾಫೋನ್ ಯಂತ್ರ ಮತ್ತು ತಟ್ಟೆಗಳೆರಡೂ ದುಬಾರಿಯಾಗಿದ್ದುದರಿಂದ ಬಹುಪಾಲು ಜನರು ಹಾಡುಗಳನ್ನು ಹೋಟೆಲು, ಟೂರಿಂಗ್ ಟಾಕೀಸು, ಮದುವೆ ಮನೆಯ ಧ್ವನಿವರ್ಧಕ ಹಾಗೂ ಆಕಾಶವಾಣಿಯ ಮೂಲಕವೇ ಕೇಳುತ್ತಿದ್ದರು. ಧಾರವಾಡ ಆಕಾಶವಾಣಿ ಕೇಂದ್ರ 1950ರಲ್ಲಿಯೂ ಬೆಂಗಳೂರು ಕೇಂದ್ರ 1955ರಲ್ಲಿಯೂ ಆರಂಭವಾದವು. ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಣಗೊಂಡ ಪುಟ್ಟಣ್ಣ ಕಣಗಾಲ್ ನಿರ್ದೇಶನದ "ನಾಗರಹಾವು" (1972) ತೆರೆಕಂಡಾಗಲೂ ಚಲನಚಿತ್ರ ಗೀತೆಗಳು ಮನೆಗೆ ಬರುತ್ತಿದ್ದುದು ತಟ್ಟೆ ಅಥವಾ ರೇಡಿಯೋ ಮೂಲಕವೇ.

ಧ್ವನಿಸುರುಳಿಯ ಕಾಲ

ನೆದರ್ಲೆಂಡ್ಸ್‌ನ ಫಿಲಿಪ್ಸ್ ಸಂಸ್ಥೆ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ ಭಾರತದಲ್ಲಿ ವ್ಯಾಪಕವಾದದ್ದು 1970ರ ದಶಕದ ಕೊನೆ ಮತ್ತು 1980ರ ದಶಕದಲ್ಲಿ. ತಟ್ಟೆಯ ಅಚ್ಚಿಗೆ ದೊಡ್ಡ ಕಾರ್ಖಾನೆ ಬೇಕಾಗಿತ್ತು. ಕ್ಯಾಸೆಟ್ ಪ್ರತಿ ತೆಗೆಯಲು ಕೆಲವು ಯಂತ್ರಗಳಿದ್ದ ಒಂದು ಕೊಠಡಿ ಸಾಕಾಗುತ್ತಿತ್ತು. ಇದರಿಂದ ಧ್ವನಿಮುದ್ರಣ ಕ್ಷೇತ್ರದಲ್ಲಿ ಒಂದೆರಡು ದೊಡ್ಡ ಕಂಪನಿಗಳಿಗಿದ್ದ ಏಕಸ್ವಾಮ್ಯ ಮುರಿದುಬಿದ್ದಿತು. ಉತ್ತರ ಭಾರತದಲ್ಲಿ ನಡೆದ ಇದೇ ಬೆಳವಣಿಗೆಯನ್ನು ಸಂಗೀತಶಾಸ್ತ್ರಜ್ಞ ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ ಪ್ರಕಟವಾದ "ಕ್ಯಾಸೆಟ್ ಕಲ್ಚರ್" ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ.

ಕರ್ನಾಟಕದಲ್ಲಿ ಸಂಗೀತಾ, ಲಹರಿ, ಝೇಂಕಾರ್, ಅಶ್ವಿನಿ, ಆಕಾಶ್, ಆನಂದ್ ಮೊದಲಾದ ಸಂಸ್ಥೆಗಳು ಈ ಉದ್ಯಮದಲ್ಲಿ ಹೆಸರು ಮಾಡಿದವು. 1978ರಲ್ಲಿ ಹೊರಬಂದ, ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ "ನಿತ್ಯೋತ್ಸವ"ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾಗಿದೆ. ಮುಂದೆ ಸಿ. ಅಶ್ವಥ್ ಅವರು ಕೆ. ಎಸ್. ನರಸಿಂಹಸ್ವಾಮಿಯವರ "ಮೈಸೂರು ಮಲ್ಲಿಗೆ"ಯ ಕವಿತೆಗಳನ್ನೂ ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಧ್ವನಿಸುರುಳಿಗಳ ಮೂಲಕ ಓದುಗರಲ್ಲದವರಿಗೂ ತಲುಪಿಸಿದರು. ಚಲನಚಿತ್ರ ಕ್ಷೇತ್ರದಲ್ಲಿ ಹಂಸಲೇಖ ಸಂಗೀತ ನೀಡಿದ "ಪ್ರೇಮಲೋಕ" (1987) ಧ್ವನಿಸುರುಳಿ ಮಾರಾಟದ ಮೈಲಿಗಲ್ಲಾಗಿ ಪರಿಣಮಿಸಿತು. ಚಿತ್ರದ ಧ್ವನಿಹಕ್ಕು ನಿರ್ಮಾಪಕನಿಗೆ ಗಣನೀಯ ಆದಾಯ ತರುವ ಸ್ವತಂತ್ರ ಸರಕಾಯಿತು.

ಚಲನಚಿತ್ರೇತರ ಪ್ರಕಾರಗಳಿಗೆ ಈ ಮಾಧ್ಯಮದಿಂದ ಹೆಚ್ಚಿನ ಲಾಭವಾಯಿತು.

• ಯಕ್ಷಗಾನ ಮತ್ತು ತಾಳಮದ್ದಲೆ: ಇಡೀ ರಾತ್ರಿ ನಡೆಯುವ ಪ್ರಸಂಗಗಳನ್ನು ಒಂದೆರಡು ಕ್ಯಾಸೆಟ್‌ಗಳಿಗೆ ಹೊಂದುವಂತೆ ಸಂಕ್ಷೇಪಿಸಿ ಹೊರತರಲಾಯಿತು. 1990ರಲ್ಲಿ ಅಕಾಲ ಮರಣ ಹೊಂದಿದ ಭಾಗವತ ಕಾಳಿಂಗ ನಾವಡರ ಕಂಠ ಮುಂದಿನ ತಲೆಮಾರಿಗೆ ತಲುಪಿದ್ದು ಮುಖ್ಯವಾಗಿ ಧ್ವನಿಸುರುಳಿಗಳಿಂದ. ಕಾಸರಗೋಡು ಮೂಲದ ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ಮಾತುಗಾರಿಕೆಯೂ ಹೀಗೆಯೇ ಉಳಿಯಿತು.
• ರಂಗಭೂಮಿ: ಮಾಸ್ಟರ್ ಹಿರಣ್ಣಯ್ಯ ಅವರ "ಲಂಚಾವತಾರ" ನಾಟಕದ ಧ್ವನಿಸುರುಳಿಗಳು ನಾಟಕ ನೋಡದ ಊರುಗಳಿಗೂ ತಲುಪಿದವು.
• ಭಕ್ತಿಸಂಗೀತ: ಭೀಮಸೇನ ಜೋಶಿಯವರ ದಾಸವಾಣಿ, ವಚನ ಗಾಯನ, ಸುಪ್ರಭಾತ ಮತ್ತು ಸ್ಥಳೀಯ ದೇವತೆಗಳ ಹಾಡುಗಳು ದೇವಾಲಯಗಳ ಧ್ವನಿವರ್ಧಕಗಳಲ್ಲೂ ಜಾತ್ರೆಯ ಅಂಗಡಿಸಾಲುಗಳಲ್ಲೂ ನಿರಂತರ ಬೇಡಿಕೆ ಹೊಂದಿದ್ದವು.
• ಜನಪದ: ಲಾವಣಿ, ಗೀಗೀ ಪದ, ಸೋಬಾನೆ, ಚೌಡಿಕೆ ಪದ ಮೊದಲಾದವುಗಳನ್ನು ಜಿಲ್ಲಾ ಮಟ್ಟದ ಸಣ್ಣ ಪ್ರಕಾಶಕರು ಹೊರತಂದರು.

ಬರಿದಾದ ಕ್ಯಾಸೆಟ್ಟಿನ ಮೇಲೆ ಮನೆಯಲ್ಲೇ ಮುದ್ರಿಸಿಕೊಳ್ಳುವ ಸೌಲಭ್ಯವಿದ್ದುದರಿಂದ ಹರಿಕಥೆ, ಪ್ರವಚನ, ಮದುವೆಯ ಸೋಬಾನೆ ಹಾಗೂ ಮನೆಯ ಹಿರಿಯರ ಮಾತುಗಳೂ ಸುರುಳಿಗಳಲ್ಲಿ ಉಳಿದವು. ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿನಿಂದ ಹೋಗುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳಗಳ ಜೊತೆಗೆ ಕ್ಯಾಸೆಟ್‌ಗಳೂ ಸಾಗುತ್ತಿದ್ದವು.

ಸಿ.ಡಿ. ಮತ್ತು ಎಂಪಿ3

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಜಂಟಿಯಾಗಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಿತು. 12 ಸೆಂ.ಮೀ. ವ್ಯಾಸದ ಈ ತಟ್ಟೆಯಲ್ಲಿ ಸುಮಾರು 74 ನಿಮಿಷಗಳ ಧ್ವನಿಯನ್ನು ಅಂಕಿಗಳ ರೂಪದಲ್ಲಿ ದಾಖಲಿಸಲಾಗುತ್ತದೆ. ಕರ್ನಾಟಕದಲ್ಲಿ ಸಿ.ಡಿ. ಜನಸಾಮಾನ್ಯರ ಮಾಧ್ಯಮವಾದದ್ದು 1990ರ ದಶಕದ ಕೊನೆಯಲ್ಲಿ. ಮೂಲ ಪ್ರತಿಗೂ ನಕಲು ಪ್ರತಿಗೂ ಗುಣಮಟ್ಟದಲ್ಲಿ ವ್ಯತ್ಯಾಸವಿಲ್ಲದಿರುವುದು ಈ ಮಾಧ್ಯಮದ ಶಕ್ತಿಯೂ ಹೌದು, ಉದ್ಯಮದ ದೃಷ್ಟಿಯಿಂದ ದೌರ್ಬಲ್ಯವೂ ಹೌದು. ಕ್ಯಾಸೆಟ್ಟನ್ನು ನಕಲು ಮಾಡಿದಷ್ಟೂ ಧ್ವನಿ ಕ್ಷೀಣಿಸುತ್ತಿತ್ತು. ಸಿ.ಡಿ.ಯ ನೂರನೆಯ ನಕಲೂ ಮೊದಲನೆಯದರಂತೆಯೇ ಇರುತ್ತಿತ್ತು.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧನೆಯಿಂದ ರೂಪುಗೊಂಡ ಎಂಪಿ3 ತಂತ್ರವು ಕಿವಿಗೆ ಸುಲಭವಾಗಿ ಗೋಚರಿಸದ ಧ್ವನಿಯ ಅಂಶಗಳನ್ನು ಕೈಬಿಟ್ಟು ಕಡತದ ಗಾತ್ರವನ್ನು ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. ಸೆಕೆಂಡಿಗೆ 128 ಕಿಲೋಬಿಟ್ ದರದಲ್ಲಿ ಒಂದು ನಿಮಿಷದ ಹಾಡಿಗೆ ಹೆಚ್ಚುಕಡಿಮೆ ಒಂದು ಮೆಗಾಬೈಟ್ ಸಾಕು. ಅಂದರೆ 650 ಮೆಗಾಬೈಟ್ ಸಾಮರ್ಥ್ಯದ ಒಂದೇ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡುಗಳು ಹಿಡಿಯುತ್ತವೆ. ಎಂಟು ಹತ್ತು ಹಾಡುಗಳ ಧ್ವನಿಸುರುಳಿಯ ಬೆಲೆಗೆ ಒಬ್ಬ ನಟನ ಅಥವಾ ಗಾಯಕನ ಜೀವಮಾನದ ಹಾಡುಗಳು ಒಂದೇ ತಟ್ಟೆಯಲ್ಲಿ ದೊರೆಯತೊಡಗಿದಾಗ ಹಾಡಿನ ಬೆಲೆಯ ಕುರಿತ ಕಲ್ಪನೆಯೇ ಬದಲಾಯಿತು. ಮನೋಮೂರ್ತಿ ಸಂಗೀತದ "ಮುಂಗಾರು ಮಳೆ" (2006) ಧ್ವನಿಸುರುಳಿ ಮತ್ತು ಸಿ.ಡಿ.ಗಳೆರಡೂ ಚಾಲ್ತಿಯಲ್ಲಿದ್ದ ಅವಧಿಯ ಕೊನೆಯ ಭಾರಿ ಯಶಸ್ಸುಗಳಲ್ಲಿ ಒಂದು.

ಮೆಮೊರಿ ಕಾರ್ಡಿನಿಂದ ಅಂತರಜಾಲ ಪ್ರಸರಣಕ್ಕೆ

ಸಿ.ಡಿ. ಮತ್ತು ಅಂತರಜಾಲದ ನಡುವೆ ಗ್ರಾಮೀಣ ಕರ್ನಾಟಕದಲ್ಲಿ ಒಂದು ಮಧ್ಯಂತರ ಹಂತವಿತ್ತು. ಸುಮಾರು 2006ರಿಂದ 2016ರವರೆಗೆ ತಾಲೂಕು ಕೇಂದ್ರಗಳ ಮೊಬೈಲ್ ರಿಪೇರಿ ಮತ್ತು ರೀಚಾರ್ಜ್ ಅಂಗಡಿಗಳು ಗ್ರಾಹಕರ ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್‌ಗೆ ಗಣಕಯಂತ್ರದಿಂದ ಹಾಡು ತುಂಬಿಸಿಕೊಡುತ್ತಿದ್ದವು. ಟ್ರ್ಯಾಕ್ಟರ್, ಆಟೋ ಮತ್ತು ಖಾಸಗಿ ಬಸ್ಸುಗಳ ಚಾಲಕರು ಇದರ ದೊಡ್ಡ ಗ್ರಾಹಕರಾಗಿದ್ದರು. ಈ ವ್ಯವಹಾರದಲ್ಲಿ ಹಕ್ಕುದಾರರಿಗೆ ಬಹುಪಾಲು ಏನೂ ಸಲ್ಲುತ್ತಿರಲಿಲ್ಲ.

ಅಧಿಕೃತ ಡಿಜಿಟಲ್ ಮಾರಾಟದಲ್ಲಿ ಆ್ಯಪಲ್ ಸಂಸ್ಥೆಯ ಐಟ್ಯೂನ್ಸ್ ಮಳಿಗೆ 2003ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2012ರಲ್ಲಿ ಭಾರತಕ್ಕೆ ಬಂದಿತು. ಆದರೆ ಹಾಡನ್ನು ಹಣ ಕೊಟ್ಟು ಇಳಿಸಿಕೊಳ್ಳುವ ಪದ್ಧತಿ ಇಲ್ಲಿ ಬೇರೂರುವ ಮೊದಲೇ ಇಳಿಸಿಕೊಳ್ಳದೆ ಕೇಳುವ ಪದ್ಧತಿ ಬಂದಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ನಂತರ ದತ್ತಾಂಶದ ದರ ತೀವ್ರವಾಗಿ ಕುಸಿದು, ಯೂಟ್ಯೂಬ್, ಸಾವನ್, ಗಾನಾ ಮತ್ತು 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈಗಳು ಹಾಡು ಕೇಳುವ ಮುಖ್ಯ ಮಾರ್ಗಗಳಾದವು. ಕನ್ನಡದ ಹಳೆಯ ಧ್ವನಿಸಂಸ್ಥೆಗಳು ತಮ್ಮ ಸಂಗ್ರಹವನ್ನು ಯೂಟ್ಯೂಬ್ ವಾಹಿನಿಗಳಿಗೆ ವರ್ಗಾಯಿಸಿಕೊಂಡವು. ಡಿ ಬೀಟ್ಸ್, ಪಿ.ಆರ್.ಕೆ. ಆಡಿಯೋಗಳಂತಹ ಹೊಸ ಸಂಸ್ಥೆಗಳು ಡಿಜಿಟಲ್ ಮಾರುಕಟ್ಟೆಯನ್ನೇ ಮುಖ್ಯವಾಗಿ ನೆಚ್ಚಿಕೊಂಡು ಹುಟ್ಟಿದವು.

ಅವನತಿಯ ಹೆಗ್ಗುರುತುಗಳು

• 2013: ದೇಶದ ಹಲವು ನಗರಗಳಲ್ಲಿದ್ದ ಮ್ಯೂಸಿಕ್ ವರ್ಲ್ಡ್ ಮಳಿಗೆಗಳ ಸರಣಿ ಮುಚ್ಚಿತು.
• 2016: ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಪ್ರಮುಖ ಕಂಪನಿಯಾದ ಜಪಾನಿನ ಫುನಾಯ್ ತಯಾರಿಕೆ ನಿಲ್ಲಿಸಿತು.
• 2018: ಖಾಲಿ ಡಿಸ್ಕ್‌ಗಳನ್ನೂ, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಲನಚಿತ್ರಗಳ ಅಗ್ಗದ ವಿ.ಸಿ.ಡಿ., ಡಿ.ವಿ.ಡಿ.ಗಳನ್ನೂ ಹೊರತಂದಿದ್ದ ಮೋಸರ್ ಬೇಯರ್ ಸಂಸ್ಥೆಯ ಸಮಾಪನಕ್ಕೆ ಕಂಪನಿ ಕಾನೂನು ನ್ಯಾಯಮಂಡಳಿ ಆದೇಶಿಸಿತು.
• 2020: ಕೋವಿಡ್ ಕಾಲದಲ್ಲಿ "ಲಾ" ಮತ್ತು "ಫ್ರೆಂಚ್ ಬಿರಿಯಾನಿ" ಕನ್ನಡ ಚಿತ್ರಗಳು ಚಿತ್ರಮಂದಿರಕ್ಕೂ ಡಿಸ್ಕಿಗೂ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದವು.
• 2023: ಅಂಚೆಯ ಮೂಲಕ ಡಿ.ವಿ.ಡಿ. ಬಾಡಿಗೆ ನೀಡುವ ಸೇವೆಯನ್ನು ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ನಿಲ್ಲಿಸಿತು.

ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟವಾದ ಐ.ಎಫ್.ಪಿ.ಐ. ಪ್ರಕಾರ 2023ರಲ್ಲಿ ಜಾಗತಿಕ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ಅಂತರಜಾಲ ಪ್ರಸರಣದ ಪಾಲು ಶೇ. 67.3 ಇದ್ದರೆ, ಭೌತಿಕ ಮಾಧ್ಯಮಗಳ ಪಾಲು ಶೇ. 17.8 ಮಾತ್ರ.

ಕಾರಣಗಳು

ಅವನತಿಗೆ ತಂತ್ರಜ್ಞಾನವೊಂದೇ ಕಾರಣವಲ್ಲ. ಮೊದಲನೆಯದಾಗಿ, ನುಡಿಸುವ ಉಪಕರಣಗಳೇ ಮನೆಯಿಂದ ಮರೆಯಾದವು. ಟೇಪ್ ರೆಕಾರ್ಡರ್‌ಗಳ ಬಿಡಿಭಾಗ ಮತ್ತು ರಿಪೇರಿ ಮಾಡುವವರು ವಿರಳರಾದರು. ಹೊಸ ಲ್ಯಾಪ್‌ಟಾಪ್ ಮತ್ತು ಕಾರುಗಳಲ್ಲಿ ಸಿ.ಡಿ. ಚಾಲಕ ಇಲ್ಲವಾಯಿತು. ಎರಡನೆಯದಾಗಿ, ತಯಾರಿಕೆ, ಮುದ್ರಿತ ಹೊದಿಕೆ, ಸಾಗಾಟ, ಅಂಗಡಿಯವರ ಪಾಲು ಮತ್ತು ಮಾರಾಟವಾಗದೆ ಹಿಂತಿರುಗುವ ಸರಕು ಇವೆಲ್ಲವೂ ಭೌತಿಕ ಪ್ರತಿಯ ಬೆಲೆಯಲ್ಲಿ ಸೇರಿದ್ದವು. ಡಿಜಿಟಲ್ ಪ್ರತಿಗೆ ಇವು ಯಾವುವೂ ಇಲ್ಲ. ಮೂರನೆಯದು ನಕಲಿ ಮಾರಾಟ. ಕರ್ನಾಟಕದಲ್ಲಿ "ಗೂಂಡಾ ಕಾಯ್ದೆ" ಎಂದು ಪರಿಚಿತವಾದ 1985ರ ಅಧಿನಿಯಮದ ವ್ಯಾಪ್ತಿಗೆ ತಿದ್ದುಪಡಿಯ ಮೂಲಕ ದೃಶ್ಯ ಮತ್ತು ಧ್ವನಿಮುದ್ರಿಕೆಗಳ ನಕಲುಕೋರರನ್ನೂ ಸೇರಿಸಿರುವುದು ಸಮಸ್ಯೆಯ ಗಂಭೀರತೆಯನ್ನು ಸೂಚಿಸುತ್ತದೆ. ನಾಲ್ಕನೆಯದಾಗಿ, ಇಡೀ ಧ್ವನಿಸುರುಳಿಯನ್ನು ಕೇಳುವ ಅಭ್ಯಾಸ ಹೋಗಿ ಬೇಕಾದ ಒಂದೇ ಹಾಡನ್ನು ಆಯ್ದು ಕೇಳುವ ಅಭ್ಯಾಸ ಬಂದಿತು.

ಪರಿಣಾಮಗಳು

ಲಭ್ಯತೆ ಮತ್ತು ಒಡೆತನ

ಡಿಜಿಟಲ್ ಪ್ರಸರಣದಿಂದ ಕೇಳುಗರಿಗೆ ಆದ ಅನುಕೂಲ ದೊಡ್ಡದು. ಹಿಂದೆ ಬೆಂಗಳೂರು, ಹುಬ್ಬಳ್ಳಿಗಳ ಅಂಗಡಿಗಳಲ್ಲಿ ಹುಡುಕಬೇಕಾಗಿದ್ದ ಮುದ್ರಿಕೆಗಳು ಇಂದು ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಯಲ್ಲಿರುವವರಿಗೂ ಕಾಸರಗೋಡಿನ ಕನ್ನಡಿಗರಿಗೂ ಏಕಕಾಲಕ್ಕೆ ದೊರೆಯುತ್ತವೆ. ಆದರೆ ಕೇಳುಗನಿಗೆ ದೊರೆಯುವುದು ಪ್ರತಿಯ ಒಡೆತನವಲ್ಲ, ಕೇಳುವ ಪರವಾನಗಿ ಮಾತ್ರ. ಹಕ್ಕುದಾರ ಮತ್ತು ಸೇವಾ ಸಂಸ್ಥೆಯ ನಡುವಿನ ಒಪ್ಪಂದ ಮುಗಿದರೆ ಹಾಡು ಪಟ್ಟಿಯಿಂದ ಕಾಣೆಯಾಗಬಹುದು. ಮನೆಯಲ್ಲಿರುವ ಸಿ.ಡಿ.ಗೆ ಈ ಅಪಾಯವಿಲ್ಲ.

ಮಾಹಿತಿಯ ಲೋಪ

ಧ್ವನಿಸುರುಳಿಯ ಹೊದಿಕೆಯ ಕಾಗದದಲ್ಲಿ ಕವಿ, ರಾಗ ಸಂಯೋಜಕ, ಗಾಯಕರ ಹೆಸರುಗಳೂ ಕೆಲವೊಮ್ಮೆ ವಾದ್ಯ ಕಲಾವಿದರ ಹೆಸರು ಮತ್ತು ಹಾಡಿನ ಪೂರ್ಣ ಪಠ್ಯವೂ ಕನ್ನಡದಲ್ಲಿ ಅಚ್ಚಾಗಿರುತ್ತಿದ್ದವು. ಪ್ರಸರಣ ಸೇವೆಗಳಲ್ಲಿ ಹಾಡಿನ ಹೆಸರು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿದ್ದು, ಒಂದೇ ಹಾಡು ಬೇರೆ ಬೇರೆ ಕಾಗುಣಿತದಲ್ಲಿ ಕಾಣಿಸಿಕೊಳ್ಳುತ್ತದೆ. ಭಾವಗೀತೆಯಂತಹ ಪ್ರಕಾರದಲ್ಲಿ ಗಾಯಕನ ಹೆಸರು ಉಳಿದು ಕವಿಯ ಹೆಸರು ಬಿಟ್ಟುಹೋಗುವುದು ಗಮನಾರ್ಹ ಲೋಪವಾಗಿದೆ.

ವ್ಯಾಪಾರ ಮತ್ತು ಉದ್ಯೋಗ

ಕ್ಯಾಸೆಟ್ ಅಂಗಡಿ, ವಿ.ಸಿ.ಡಿ. ಬಾಡಿಗೆ ಅಂಗಡಿ, ಪ್ರತಿ ತೆಗೆಯುವ ಘಟಕ, ಹೊದಿಕೆ ಮುದ್ರಿಸುವ ಮುದ್ರಣಾಲಯ ಮತ್ತು ಜಾತ್ರೆಗಳ ಬಿಡಿ ಮಾರಾಟಗಾರರು ತಮ್ಮ ಕಸುಬನ್ನು ಬದಲಿಸಬೇಕಾಯಿತು. ಅನೇಕ ಅಂಗಡಿಗಳು ಮೊಬೈಲ್ ಬಿಡಿಭಾಗಗಳ ಮಾರಾಟಕ್ಕೆ ಹೊರಳಿದವು.

ಪ್ರಾದೇಶಿಕ ಮತ್ತು ಮೌಖಿಕ ಪರಂಪರೆ

ದೊಡ್ಡ ಸಂಸ್ಥೆಗಳ ಚಲನಚಿತ್ರ ಗೀತೆಗಳನ್ನು ಡಿಜಿಟಲೀಕರಣಗೊಳಿಸಲು ಆದಾಯದ ಪ್ರೇರಣೆಯಿದೆ. ಮುಚ್ಚಿಹೋದ ಸಣ್ಣ ಸಂಸ್ಥೆಗಳ ಮುದ್ರಿಕೆಗಳಿಗೆ ಅಂತಹ ಪ್ರೇರಣೆಯಿಲ್ಲ, ಹಕ್ಕುದಾರರನ್ನು ಪತ್ತೆಮಾಡುವುದೂ ಕಷ್ಟ. ಜಾನಪದ ವಿದ್ವಾಂಸರ ಕ್ಷೇತ್ರಕಾರ್ಯದ ಸುರುಳಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಚಿತ್ರದುರ್ಗ ಜಿಲ್ಲೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಕಾಡುಗೊಲ್ಲರು ಮತ್ತು ಮ್ಯಾಸಬೇಡರ ದೈವಗಳ ಕಥನಗೀತೆಗಳು ಈ ಜಿಲ್ಲೆಯಲ್ಲಿ ಲಿಖಿತ ರೂಪಕ್ಕಿಂತ ಹೆಚ್ಚಾಗಿ ಹಾಡುಗಾರರ ನೆನಪಿನಲ್ಲಿಯೇ ಬದುಕಿವೆ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದ ಹಾಡಬಲ್ಲವರಾಗಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವಕ್ಕೆ ಪಾತ್ರರಾದರು. ಅವರ ಪದಗಳನ್ನು ವಿದ್ವಾಂಸ ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ್ದಾರೆ. ಇಂತಹ ಹಾಡುಗಾರರ ಪಠ್ಯ ಪುಸ್ತಕದಲ್ಲಿ ಉಳಿಯಬಹುದು. ಅವರ ಧಾಟಿ, ಉಸಿರಿನ ನಿಲುಗಡೆ, ಸೊಲ್ಲು ಎತ್ತಿಕೊಳ್ಳುವವರ ದನಿ ಮಾತ್ರ ಧ್ವನಿಮುದ್ರಿಕೆಯಲ್ಲಷ್ಟೇ ಉಳಿಯುತ್ತವೆ.

ಸಂರಕ್ಷಣೆ

ಕಾಂತೀಯ ಸುರುಳಿಯಲ್ಲಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡ್ ಕಣಗಳನ್ನು ಅಂಟಿಸಲಾಗಿರುತ್ತದೆ. ತೇವಾಂಶದಿಂದ ಅಂಟು ಸಡಿಲಗೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳಲ್ಲಿ ದತ್ತಾಂಶವನ್ನು ಹಿಡಿದಿಡುವ ಬಣ್ಣದ ಪದರವು ಬೆಳಕು ಮತ್ತು ಶಾಖಕ್ಕೆ ಹಾಳಾಗುತ್ತದೆ. ಸುರುಳಿ ಸುಸ್ಥಿತಿಯಲ್ಲಿದ್ದರೂ ಅದನ್ನು ನುಡಿಸುವ ಯಂತ್ರ ದೊರೆಯದಿದ್ದರೆ ಪ್ರಯೋಜನವಿಲ್ಲ. ಡಿಜಿಟಲ್ ಕಡತಗಳೂ ತಾವಾಗಿಯೇ ಶಾಶ್ವತವಲ್ಲ. ಅವುಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಇಟ್ಟು, ಕಾಲಕಾಲಕ್ಕೆ ಹೊಸ ಸಾಧನಗಳಿಗೆ ವರ್ಗಾಯಿಸುತ್ತಿರಬೇಕು.

ಈ ದಿಸೆಯಲ್ಲಿ ಹಲವು ಪ್ರಯತ್ನಗಳು ನಡೆದಿವೆ. ಎಚ್. ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಮತ್ತು ರಾಮನಗರ ಬಳಿಯ ಜಾನಪದ ಲೋಕದ ಮೂಲಕ ಜನಪದ ಕಲೆಗಳ ಧ್ವನಿ ಮತ್ತು ದೃಶ್ಯ ದಾಖಲೆಗಳನ್ನು ಸಂಗ್ರಹಿಸಿದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ರೂಪಿಸಿದ ಜನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರ ಕರಾವಳಿಯ ಕಲೆಗಳನ್ನು ದಾಖಲಿಸಿದೆ. ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರ ತಂಡ 1990ರಲ್ಲಿ ಧ್ವನಿ ಹಾಗೂ ದೃಶ್ಯರೂಪದಲ್ಲಿ ದಾಖಲಿಸಿತು. ರಾಷ್ಟ್ರಮಟ್ಟದಲ್ಲಿ 1982ರಲ್ಲಿ ಸ್ಥಾಪಿತವಾದ ಅಮೆರಿಕನ್ ಭಾರತೀಯ ಅಧ್ಯಯನ ಸಂಸ್ಥೆಯ ಜನಾಂಗೀಯ ಸಂಗೀತ ಸಂಗ್ರಹಾಗಾರವು ಸಂಶೋಧಕರ ಮುದ್ರಿಕೆಗಳನ್ನು ಕಾಪಾಡುತ್ತಿದೆ. ಚಿತ್ರದುರ್ಗ ತಾಲೂಕಿನ ಸಿರಿಗೆರೆಯ ತರಳಬಾಳು ಮಠವು ವಚನಗಳನ್ನು ಅಂತರಜಾಲ ಮತ್ತು ಮೊಬೈಲ್ ತಂತ್ರಾಂಶದ ಮೂಲಕ ಉಚಿತವಾಗಿ ಒದಗಿಸಿದೆ.

ಸಂರಕ್ಷಣೆ ತಡವಾದರೆ ಆಗುವ ನಷ್ಟಕ್ಕೆ ಚಲನಚಿತ್ರ ಕ್ಷೇತ್ರದಲ್ಲಿ ಸ್ಪಷ್ಟ ನಿದರ್ಶನವಿದೆ. ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನ" (1934)ದ ಪ್ರತಿ ಇಂದು ಲಭ್ಯವಿಲ್ಲ.

ಕಾನೂನು

ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳ ಕಾಲ ಇರುತ್ತದೆ. 2012ರ ತಿದ್ದುಪಡಿ ಮಾಧ್ಯಮದ ಬದಲಾವಣೆಗೆ ಸಂಬಂಧಿಸಿದ ಹಲವು ಅಂಶಗಳನ್ನು ಒಳಗೊಂಡಿದೆ. ಗೀತರಚನಕಾರ ಮತ್ತು ಸಂಗೀತ ಸಂಯೋಜಕರು ಚಿತ್ರಮಂದಿರದ ಪ್ರದರ್ಶನವನ್ನು ಹೊರತುಪಡಿಸಿ ಇತರ ಬಳಕೆಗಳಿಗೆ ಗೌರವಧನ ಪಡೆಯುವ ಹಕ್ಕನ್ನು ಸಂಪೂರ್ಣವಾಗಿ ಬಿಟ್ಟುಕೊಡಲಾಗದಂತೆ ಅದು ರಕ್ಷಿಸಿತು. ಮರುಗಾಯನದ ಮುದ್ರಿಕೆಗಳು ಹಿಂದಿನ ಮುದ್ರಿಕೆಯ ಮಾಧ್ಯಮದಲ್ಲಿಯೇ ಇರಬೇಕೆಂದು ವಿಧಿಸುತ್ತಾ, ಆ ಮಾಧ್ಯಮ ವಾಣಿಜ್ಯ ಬಳಕೆಯಲ್ಲಿ ಇಲ್ಲದಿದ್ದರೆ ವಿನಾಯಿತಿ ನೀಡಿತು. ಅಲ್ಲದೆ, ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಡಿಜಿಟಲ್ ಅಲ್ಲದ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಯ ಉದ್ದೇಶದಿಂದ ವಿದ್ಯುನ್ಮಾನ ರೂಪದಲ್ಲಿ ಶೇಖರಿಸಿಡಲು ಅವಕಾಶ ಕಲ್ಪಿಸಿತು. ಹಳೆಯ ಧ್ವನಿಸುರುಳಿಗಳನ್ನು ಹೊಂದಿರುವ ಗ್ರಂಥಾಲಯಗಳಿಗೆ ಈ ಕೊನೆಯ ಅವಕಾಶ ಮಹತ್ವದ್ದು.

ಉಳಿದಿರುವ ಬಳಕೆ

ಭೌತಿಕ ಮಾಧ್ಯಮಗಳು ಪೂರ್ಣವಾಗಿ ಅಳಿದಿಲ್ಲ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳ ಮಾರಾಟ ಸಂಖ್ಯೆಯಲ್ಲಿ 1987ರ ನಂತರ ಮೊದಲ ಬಾರಿಗೆ ಸಿ.ಡಿ.ಯನ್ನು ಮೀರಿತು. ಕರ್ನಾಟಕದಲ್ಲಿ ಹಳೆಯ ತಟ್ಟೆ ಮತ್ತು ಧ್ವನಿಸುರುಳಿಗಳನ್ನು ಹವ್ಯಾಸಿ ಸಂಗ್ರಾಹಕರು ಕೊಳ್ಳುತ್ತಾರೆ. ಅಂತಹ ಖಾಸಗಿ ಸಂಗ್ರಹಗಳೇ ಅನೇಕ ಅಪರೂಪದ ಮುದ್ರಿಕೆಗಳ ಉಳಿದಿರುವ ಆಕರಗಳಾಗಿವೆ. ಸರೆಗಮ ಸಂಸ್ಥೆ 2017ರಲ್ಲಿ ಪರಿಚಯಿಸಿದ, ಹಳೆಯ ರೇಡಿಯೋ ಹೋಲುವ ಕಾರವಾನ್ ಪೆಟ್ಟಿಗೆ ಆಯ್ದ ಹಾಡುಗಳನ್ನು ಅಂತರಜಾಲದ ನೆರವಿಲ್ಲದೆ ನುಡಿಸುತ್ತದೆ. ಅದರ ಕನ್ನಡ ಆವೃತ್ತಿಯೂ ಬಂದಿದ್ದು, ಮೊಬೈಲ್ ಬಳಕೆಗೆ ಒಗ್ಗದ ಹಿರಿಯ ಕೇಳುಗರಲ್ಲಿ ಬಳಕೆಯಲ್ಲಿದೆ.

ಇವನ್ನೂ ನೋಡಿ

• ಕನ್ನಡ ಚಲನಚಿತ್ರ ಸಂಗೀತ
• ಸುಗಮ ಸಂಗೀತ
• ಗ್ರಾಮಾಫೋನ್
• ಆಕಾಶವಾಣಿ
• ಜಾನಪದ ಲೋಕ
• ಚಿತ್ರದುರ್ಗ ಜಿಲ್ಲೆ